ಸವಳು ನೆಲ ಮತ್ತು ಬೇರಿನ ಕೋಶಪೊರೆ

ಸುರಪುರಕ್ಕೆ ಹೊಂದಿಕೊಂಡಿರುವ ರಂಗಂಪೇಟೆಯ ಸೀಮೆಯಿಂದ ಶಹಾಪುರದ ಕಡೆಗೆ ಹಬ್ಬಿರುವ ಎರೆಹೊಲಗಳು ಬಹುಕಾಲ ಮಳೆಯನ್ನೇ ನಂಬಿ ಜೋಳ, ತೊಗರಿ, ಹತ್ತಿ ಬೆಳೆದವು. ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ಭಾಗಕ್ಕೆ ಭತ್ತವೂ ಬಂದಿತು. ಆದರೆ ಎರೆಮಣ್ಣಿನ ಜೇಡಿ ನೀರನ್ನು ಬಲು ನಿಧಾನವಾಗಿ ಬಸಿಯಗೊಡುವುದರಿಂದ, ಬಸಿಗಾಲುವೆ ಇಲ್ಲದೆ ನೀರು ಹಾಯಿಸುತ್ತ ಹೋದಲ್ಲಿ ನೆಲದಡಿಯ ನೀರಿನ ಮಟ್ಟ ಏರಿ, ಕರಗಿದ ಲವಣವೂ ಅದರೊಡನೆ ಮೇಲೆ ಬರುತ್ತದೆ. ಬಿಸಿಲಿಗೆ ನೀರು ಆವಿಯಾದಾಗ ಲವಣ ಬೆಳ್ಳಗೆ ಪದರುಗಟ್ಟಿ ಉಳಿಯುತ್ತದೆ. ಇಂಥ ನೆಲ ಸವಳು. ನೀರು ನಿಂತು ಕೆಟ್ಟದ್ದು ಜವಳು. ಇವೆರಡೂ ಕೂಡಿದಾಗ ಬೆಳೆ ಏಕೆ ಅಷ್ಟು ಬೇಗ ಸೋಲುತ್ತದೆ ಎಂಬುದನ್ನು ಅರಿಯಲು ಬೇರಿನ ಒಂದೊಂದು ಜೀವಕೋಶದ ಅಂಚಿನವರೆಗೆ ಹೋಗಬೇಕು.

ಆ ಅಂಚೇ ಕೋಶಪೊರೆ. ಮಿಲಿಮೀಟರಿನ ಲಕ್ಷದ ಒಂದು ಪಾಲಿಗಿಂತಲೂ ತೆಳುವಾದ ಈ ಪೊರೆಯಲ್ಲಿ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುಗಳು ಎರಡು ಸಾಲಾಗಿ, ನೀರನ್ನು ಒಲ್ಲದ ಬಾಲಗಳನ್ನು ಒಳಮುಖವಾಗಿ ಚಾಚಿ ನಿಂತಿರುತ್ತವೆ. ಆದ್ದರಿಂದ ವಿದ್ಯುದಂಶ ಹೊತ್ತು ನೀರಿನಲ್ಲಿ ಕರಗಿರುವ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಅಯಾನುಗಳು ನೇರವಾಗಿ ಇದನ್ನು ದಾಟಲಾರವು. ಅವುಗಳಿಗೆ ಪೊರೆಯಲ್ಲಿ ಹುದುಗಿದ ಪ್ರೋಟೀನುಗಳೇ ದಾರಿ. ನೀರಿನ ಅಣುಗಳು ಅಕ್ವಾಪೋರಿನ್ ಎಂಬ ಬೇರೆ ಪ್ರೋಟೀನಿನ ರಂಧ್ರದಲ್ಲಿ ಬಿರುಸಾಗಿ ಸಾಗುತ್ತವೆ. ಈ ಶೋಧಕ್ಕಾಗಿ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂದಿತು. ನೀರು ತೆಳು ದ್ರಾವಣದಿಂದ ದಟ್ಟ ದ್ರಾವಣದತ್ತ ಪೊರೆಯ ಮೂಲಕ ಸರಿಯುವ ಕ್ರಿಯೆಗೆ ಅಭಿಸರಣೆ ಎಂದು ಹೆಸರು. ಹೊರಗಿನ ಮಣ್ಣೇ ಲವಣದಿಂದ ದಟ್ಟವಾಗಿದ್ದರೆ, ಕಣ್ಣಿಗೆ ಹಸಿಯಾಗಿ ಕಾಣುವ ಹೊಲದಲ್ಲಿಯೂ ಸಸಿ ಬಾಯಾರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಸೋಡಿಯಂನದು. ಬೇರಿನ ಕೋಶದ ಒಳಗು ಹೊರಗಿಗಿಂತ ನೂರಕ್ಕೂ ಹೆಚ್ಚು ಮಿಲಿವೋಲ್ಟ್ ಋಣವಾಗಿರುವುದರಿಂದ ಧನ ಅಯಾನಾದ ಸೋಡಿಯಂ ಯಾವ ಖರ್ಚೂ ಇಲ್ಲದೆ ಒಳನುಗ್ಗಿ, ಪೊಟ್ಯಾಸಿಯಂ ಇರಬೇಕಾದ ಕಡೆ ತಾನು ಸೇರಿ ಕಿಣ್ವಗಳ ಕೆಲಸವನ್ನು ಕೆಡಿಸುತ್ತದೆ. ಅದನ್ನು ಹೊರದೂಡುವುದು ಮಾತ್ರ ಪುಕ್ಕಟೆಯಲ್ಲ. ಪ್ರಾಣಿಗಳ ಕೋಶದಲ್ಲಿ ಈ ಕೆಲಸಕ್ಕೆ ಯೆನ್ಸ್ ಸ್ಕೌ 1957ರಲ್ಲಿ ಗುರುತಿಸಿದ ಸೋಡಿಯಂ ಪಂಪು ಇದೆ. ಭತ್ತಕ್ಕಾಗಲಿ ಹತ್ತಿಗಾಗಲಿ ಅದಿಲ್ಲ. ಸಸ್ಯಕೋಶವು ಎಟಿಪಿ ಎಂಬ ಶಕ್ತಿಯ ಅಣುವನ್ನು ಒಡೆದು ಪ್ರೋಟಾನುಗಳನ್ನು ಹೊರಗೆ ತಳ್ಳುತ್ತದೆ. ಆ ಪ್ರೋಟಾನುಗಳು ಪೊರೆಯ ಇನ್ನೊಂದು ಪ್ರೋಟೀನಿನ ಮೂಲಕ ಮರಳಿ ಒಳಬರುವಾಗ ಅದೇ ಪ್ರೋಟೀನಿನ ಮೂಲಕ ಸೋಡಿಯಂ ಹೊರಬೀಳುತ್ತದೆ, ಇಲ್ಲವೇ ಇಂಥದೇ ವಿನಿಮಯದಿಂದ ಕೋಶದೊಳಗಿನ ರಸದ ಚೀಲವಾದ ರಸದಾನಿಯಲ್ಲಿ ಬಂಧಿಯಾಗುತ್ತದೆ. ಹೊರಹಾಕಿದ್ದು ಮತ್ತೆ ನುಸುಳುವುದರಿಂದ ಈ ದುಡಿಮೆಗೆ ಬಿಡುವೆಂಬುದೇ ಇಲ್ಲ.

ಎಟಿಪಿ ಹುಟ್ಟುವುದೂ ಪೊರೆಯೊಂದರ ಮೇಲೆಯೇ. ಮೈಟೋಕಾಂಡ್ರಿಯದ ಒಳಪೊರೆಯ ಎರಡು ಬದಿಗಳ ನಡುವಿನ ಪ್ರೋಟಾನು ವ್ಯತ್ಯಾಸವೇ ಎಟಿಪಿಯನ್ನು ಕಟ್ಟುತ್ತದೆ ಎಂದು ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ನಂಬಿದವರು ಕಡಿಮೆ. 1978ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಸಂದಿತು. ಈ ಕ್ರಿಯೆಗೆ ಆಮ್ಲಜನಕ ಬೇಕೇಬೇಕು. ಅದಿದ್ದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ, ಇಲ್ಲದಿದ್ದರೆ ಹುದುಗುವಿಕೆಯಿಂದ 2 ಮಾತ್ರ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದರಿಂದ, ಜವಳು ನೆಲದ ಬೇರಿಗೆ ಉಸಿರು ಸಿಗುವುದಿಲ್ಲ. ಸವಳು ಎಟಿಪಿಯ ಖರ್ಚನ್ನು ಹೆಚ್ಚಿಸುವ ಹೊತ್ತಿಗೇ ಜವಳು ಅದರ ಗಳಿಕೆಯನ್ನು ಕಡಿದುಹಾಕುತ್ತದೆ.

ಈ ಸೀಮೆಯ ಎರಡು ಮುಖ್ಯ ಬೆಳೆಗಳು ಈ ಪೆಟ್ಟನ್ನು ಬೇರೆಬೇರೆ ಬಗೆಯಲ್ಲಿ ತಿನ್ನುತ್ತವೆ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 7.7 ಡೆಸಿಸೀಮೆನ್ಸ್ ಮುಟ್ಟುವವರೆಗೂ ಹತ್ತಿಯ ಇಳುವರಿ ಸಾಮಾನ್ಯವಾಗಿ ಕುಗ್ಗದು, ಆದರೆ ನಿಂತ ನೀರನ್ನು ಅದು ತಾಳದು. ಕಾಂಡದಿಂದ ಬೇರಿಗೆ ಗಾಳಿ ಇಳಿಸುವ ಅಂಗಾಂಶವಿರುವ ಭತ್ತ ನಿಂತ ನೀರಿನಲ್ಲಿ ನೆಮ್ಮದಿಯಾಗಿರುತ್ತದೆ, ಆದರೆ ವಾಹಕತೆ 3 ದಾಟಿದರೆ ಸಾಕು, ಬಳಲತೊಡಗುತ್ತದೆ. ಹೀಗಾಗಿ ಬೆಳೆ ಬದಲಿಸುವುದಷ್ಟರಿಂದಲೇ ಸವಳು-ಜವಳಿಗೆ ಮದ್ದು ಸಿಗಲಾರದು.

ಬಸಿಗಾಲುವೆಯನ್ನು ಲವಣ ತೊಳೆಯುವ ಸಾಧನವೆಂದಷ್ಟೇ ಎಣಿಸುವುದು ಅದರ ಅರ್ಧ ಉಪಕಾರವನ್ನು ಮರೆತಂತೆ. ಅದು ಬೇರಿಗೆ ಆಮ್ಲಜನಕವನ್ನು ಮರಳಿಸಿ, ಉಳಿದ ಸೋಡಿಯಂನೊಡನೆ ಸೆಣಸಲು ಕೋಶಕ್ಕೆ ಎಟಿಪಿಯನ್ನೂ ಒದಗಿಸುತ್ತದೆ. ಸೋಡಿಯಂ ಜೇಡಿಗೇ ಅಂಟಿಕೊಂಡು ಮಣ್ಣು ಕ್ಷಾರವಾಗಿರುವ ಹೊಲಕ್ಕೆ ಜಿಪ್ಸಂ ಹಾಕುವ ಪದ್ಧತಿಯಿದೆ: ಅದರ ಕ್ಯಾಲ್ಸಿಯಂ ಜೇಡಿಯಿಂದ ಸೋಡಿಯಂನ್ನು ಬಿಡಿಸುತ್ತದೆ, ಜೊತೆಗೆ ಬೇರಿನ ಕೋಶಪೊರೆ ಸೋರದಂತೆ ಬಿಗಿಯಾಗಿಡುತ್ತದೆ. ಬಿಡಿಸಿಕೊಂಡ ಸೋಡಿಯಂ ಕೊಚ್ಚಿಹೋಗಲು ದಾರಿಯಿಲ್ಲದಿದ್ದರೆ ಅದು ಅದೇ ಹೊಲದ ನೀರಿನಲ್ಲಿ ಉಳಿದು ಮತ್ತೆ ಬೇರನ್ನೇ ಮುತ್ತುವುದರಿಂದ, ಜಿಪ್ಸಂ ಚೀಲ ಹೊಲಕ್ಕೆ ಬರುವ ಮೊದಲು ಬಸಿಗಾಲುವೆ ತೋಡಿರಬೇಕು.