ಆಕ್ವಾಪೋನಿಕ್ಸ್ ಘಟಕದ ವಾಪಸು ಕೊಳವೆ: ಜೋಡಣೆ ಮತ್ತು ಭದ್ರತೆ

ಮೀನು ಸಾಕಣೆ ಹಾಗೂ ಸೊಪ್ಪು-ತರಕಾರಿ ಬೇಸಾಯವನ್ನು ಒಂದೇ ನೀರಿನಲ್ಲಿ ಕೂಡಿಸುವ ಆಕ್ವಾಪೋನಿಕ್ಸ್ ಪದ್ಧತಿಯ ಬಗ್ಗೆ ವಿಚಾರಿಸುವ ರೈತರು ಸಾಮಾನ್ಯವಾಗಿ ಮೀನಿನ ತಳಿ, ಆಹಾರ ಮತ್ತು ಬೆಳೆಯ ಆಯ್ಕೆಯನ್ನು ಕುರಿತು ಕೇಳುತ್ತಾರೆ. ಕೊಳವೆಯ ಮಾತು ಬರುವುದು ಕೊನೆಗೆ. ಅದನ್ನು ಪ್ಲಂಬರಿಗೆ ಬಿಟ್ಟರಾಯಿತೆಂಬ ಭಾವನೆ ಅನೇಕರಲ್ಲಿದೆ. ಆದರೆ ಮನೆಯ ಮೇಲಿನ ಟ್ಯಾಂಕಿಗೆ ನೀರೇರಿಸುವ ಕೊಳವೆಗೂ ಇಲ್ಲಿಯ ಕೊಳವೆಗೂ ಮುಖ್ಯವಾದ ವ್ಯತ್ಯಾಸವಿದೆ. ಅಲ್ಲಿ ಪಂಪು ನಿಂತರೆ ಕೆಲಸ ಮುಗಿಯಿತೆಂದು ಅರ್ಥ. ಇಲ್ಲಿ ಪಂಪು ಹಗಲಿರುಳು ಓಡಬೇಕು, ಅದು ನಿಂತ ಗಳಿಗೆಯಲ್ಲಿಯೇ ಅಪಾಯ ಆರಂಭವಾಗುತ್ತದೆ. ಆದ್ದರಿಂದ ವಾಪಸು ಕೊಳವೆಯನ್ನು ಯೋಜಿಸುವಾಗ ಪಂಪು ಓಡುವ ಸ್ಥಿತಿಗಿಂತ ಅದು ನಿಲ್ಲುವ ಸ್ಥಿತಿಯನ್ನು ಮೊದಲು ಗಣನೆಗೆ ತೆಗೆದುಕೊಳ್ಳಬೇಕು.

ಸಣ್ಣ ಘಟಕದ ಸಾಮಾನ್ಯ ರಚನೆ ಹೀಗಿರುತ್ತದೆ. ಎತ್ತರದಲ್ಲಿ ಮೀನಿನ ತೊಟ್ಟಿ. ನಿಗದಿತ ಮಟ್ಟ ಮೀರಿದ ನೀರು ಕೆರೆಯ ಕೋಡಿಯಂತೆ ಹೊರಬಿದ್ದು ಜಲ್ಲಿ ತುಂಬಿದ ಬೆಳೆ ಮಡಿಗೆ ಇಳಿಯುತ್ತದೆ, ಅಲ್ಲಿಂದ ನೆಲಮಟ್ಟದ ಸಂಪನ್ನು ಸೇರುತ್ತದೆ. ಸಂಪಿನಲ್ಲಿರುವ ಪಂಪು ಆ ನೀರನ್ನು ಮತ್ತೆ ಮೀನಿನ ತೊಟ್ಟಿಗೆ ಏರಿಸುತ್ತದೆ. ಈ ಏರು ಮಾರ್ಗವೇ ವಾಪಸು ಕೊಳವೆ. ಗಾಜಿನ ತೊಟ್ಟಿಗಳ ಕೆಳಗೆ ಸಂಪು ಇರಿಸಿ ಅಲಂಕಾರಿಕ ಮೀನು ಸಾಕುವವರಿಗೂ ಇದೇ ತತ್ವ ಅನ್ವಯಿಸುತ್ತದೆ. ಪಂಪನ್ನು ಯಾವ ಕಾರಣಕ್ಕೂ ಮೀನಿನ ತೊಟ್ಟಿಯೊಳಗೆ ಇರಿಸಬಾರದು. ಅದು ಸಂಪಿನಲ್ಲಿದ್ದರೆ, ಕೊಳವೆ ಕಳಚಿ ನೀರು ಹೊರಗೆ ಸುರಿದರೂ ಪಂಪು ಖಾಲಿ ಮಾಡುವುದು ಸಂಪನ್ನು ಮಾತ್ರ.

ಡೀಸೆಲ್ ಡ್ರಮ್ಮಿಗೆ ರಬ್ಬರ್ ಕೊಳವೆ ಇಳಿಬಿಟ್ಟು, ಒಮ್ಮೆ ಎಳೆದು, ಕೆಳಗಿನ ಕ್ಯಾನಿಗೆ ಇಳಿಸುವುದನ್ನು ರೈತರೆಲ್ಲರೂ ಕಂಡಿದ್ದಾರೆ. ವಿದ್ಯುತ್ ಹೋದಾಗ ವಾಪಸು ಕೊಳವೆಯಲ್ಲಿ ನಡೆಯುವುದೂ ಅದೇ ಸೈಫನ್ ಕ್ರಿಯೆ. ಕೊಳವೆಯಲ್ಲಿ ನೀರು ತುಂಬಿಕೊಂಡಿರುತ್ತದೆ, ಅದರ ಬಾಯಿ ಮೀನಿನ ತೊಟ್ಟಿಯ ನೀರಿನಲ್ಲಿ ಮುಳುಗಿರುತ್ತದೆ, ಇನ್ನೊಂದು ತುದಿ ತಗ್ಗಿನ ಸಂಪಿನಲ್ಲಿರುತ್ತದೆ. ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೆ ನೀರು ಹಿಂದಕ್ಕೆ ಇಳಿಯುತ್ತಲೇ ಇರುತ್ತದೆ.

ಕೆಲವು ವರ್ಷಗಳ ಹಿಂದೆ ನಾನೇ ನಕ್ಷೆ ಹಾಕಿಕೊಟ್ಟ ಘಟಕವೊಂದರಲ್ಲಿ, ತಳದ ಕಸ ಕದಡಿ ಕೋಡಿಯ ಕಡೆಗೆ ಬರಲೆಂದು, ಕೊಳವೆಯ ಬಾಯಿಯನ್ನು ತಳದಿಂದ ಒಂದು ಗೇಣು ಮೇಲೆ ಇರಿಸಲಾಗಿತ್ತು. ಒಂದು ರಾತ್ರಿ ಹೋದ ವಿದ್ಯುತ್ ಬೆಳಗಿನವರೆಗೂ ಬರಲಿಲ್ಲ. ಬೆಳಗ್ಗೆ ನೋಡಿದಾಗ ತೊಟ್ಟಿಯಲ್ಲಿ ಉಳಿದದ್ದು ಗೇಣುದ್ದ ನೀರು. ಸಂಪು ಉಕ್ಕಿ ಅಂಗಳವೆಲ್ಲ ಕೆಸರಾಗಿತ್ತು, ಮೀನುಗಳಲ್ಲಿ ಬಹುಪಾಲು ಸತ್ತಿದ್ದವು. ಹಿಂಹರಿವು ತಡೆಯುವ ವಾಲ್ವ್ ಇರಲಿಲ್ಲವೆಂದಲ್ಲ. ಅದರ ಬಾಗಿಲಿನ ಸಂದಿಯಲ್ಲಿ ಒಂದು ಪುಟ್ಟ ಬಸವನಹುಳು ಸಿಕ್ಕಿಕೊಂಡಿತ್ತು. ಬಾವಿಯ ಫುಟ್‌ವಾಲ್ವಿಗೆ ಕಡ್ಡಿ ಸಿಕ್ಕಿ ನೀರು ಇಳಿದುಹೋಗುವುದನ್ನು ಬಲ್ಲ ರೈತರಿಗೆ ಇದು ಆಶ್ಚರ್ಯವೇನಲ್ಲ. ತಪ್ಪು ವಾಲ್ವಿನದಲ್ಲ, ನನ್ನ ನಕ್ಷೆಯದು.

ಈ ವಿಷಯವನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಮೀನಿನ ತೊಟ್ಟಿ 2 ಮೀಟರ್ ಉದ್ದ, 1 ಮೀಟರ್ ಅಗಲವಿದ್ದು, ಕೊಳವೆಯ ಬಾಯಿ ನೀರಿನ ಮಟ್ಟದಿಂದ 15 ಸೆಂ.ಮೀ. ಕೆಳಗಿದೆಯೆನ್ನೋಣ. ಪಂಪು ನಿಂತಾಗ 300 ಲೀಟರ್ ನೀರು ಹಿಂದಿರುಗುತ್ತದೆ. ಅಷ್ಟೇ ಅಳತೆಯ ಬೆಳೆ ಮಡಿಯಲ್ಲಿ 20 ಸೆಂ.ಮೀ. ನೀರು ನಿಂತಿದ್ದು, ಜಲ್ಲಿಯ ನಡುವಿನ ಪೊಳ್ಳು ಶೇ. 40 ಎಂದು ಹಿಡಿದರೆ, ಅಲ್ಲಿಂದ ಇನ್ನೂ 160 ಲೀಟರ್ ಬಸಿಯುತ್ತದೆ. ಒಟ್ಟು 460 ಲೀಟರ್. ಸಂಪಿನ ಅಳತೆ 1.5 ಮೀಟರ್ × 0.8 ಮೀಟರ್ ಆಗಿದ್ದರೆ ಅದರ ಮಟ್ಟ ಸುಮಾರು 38 ಸೆಂ.ಮೀ. ಏರುತ್ತದೆ. ಕೊಳವೆಯ ಬಾಯಿ ನೀರಿನಿಂದ ಕೇವಲ 2 ಸೆಂ.ಮೀ. ಕೆಳಗಿದ್ದಲ್ಲಿ ತೊಟ್ಟಿಯಿಂದ ಇಳಿಯುವುದು 40 ಲೀಟರ್ ಮಾತ್ರ; ಸಂಪಿನ ಏರಿಕೆ 17 ಸೆಂ.ಮೀ.ಗೆ ಸೀಮಿತವಾಗುತ್ತದೆ. ಇದಕ್ಕೆ ತಗಲುವ ಖರ್ಚು ಏನೂ ಇಲ್ಲ.

ಹೊಲದ ಘಟಕಗಳಿಗೆ ನನ್ನ ಮೊದಲ ಸಲಹೆ, ಕೊಳವೆಯ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಮೇಲೆಯೇ ಇರಿಸುವುದು. ನೀರು ಮೇಲಿನಿಂದ ಬೀಳುವಾಗ ಸ್ವಲ್ಪ ಗಾಳಿಯನ್ನೂ ಬೆರೆಸುತ್ತದೆ, ಸೈಫನ್ ಆಗುವ ಪ್ರಶ್ನೆಯೇ ಇರುವುದಿಲ್ಲ. ಸದ್ದು ಅಥವಾ ಸಿಂಪರಣೆಯ ಕಾರಣದಿಂದ ಮುಳುಗಿಸಲೇಬೇಕಾದರೆ, ತೊಟ್ಟಿಯೊಳಗಿನ ಕೊಳವೆಯ ಭಾಗದಲ್ಲಿ, ನೀರಿನ ಮಟ್ಟದಿಂದ 1-2 ಸೆಂ.ಮೀ. ಕೆಳಗೆ, 6 ಮಿ.ಮೀ. ಅಳತೆಯ ಎರಡು ರಂಧ್ರಗಳನ್ನು ಕೊರೆಯಬೇಕು. ಮಟ್ಟ ಅಲ್ಲಿಗೆ ಇಳಿದೊಡನೆ ಗಾಳಿ ಒಳಸೇರಿ ಹಿಂಹರಿವು ಕಡಿಯುತ್ತದೆ. ಪಾಚಿ ಮತ್ತು ಲೋಳೆಯಿಂದ ಈ ರಂಧ್ರಗಳು ಬೇಗನೆ ಮುಚ್ಚಿಕೊಳ್ಳುವುದರಿಂದ ವಾರಕ್ಕೊಮ್ಮೆ ಕಡ್ಡಿಯಿಂದ ಬಿಡಿಸುವುದು ಅವಶ್ಯ. ವಾಲ್ವನ್ನು ಹೆಚ್ಚುವರಿ ರಕ್ಷಣೆಯಾಗಿ ಹಾಕಬಹುದು, ಆದರೆ ಅದನ್ನೇ ನಂಬಬಾರದು. ಕೊಳವೆಯನ್ನು ತೊಟ್ಟಿಯ ಗೋಡೆ ಕೊರೆದು ಒಯ್ಯುವುದಕ್ಕಿಂತ ಅಂಚಿನ ಮೇಲಿಂದ ಇಳಿಸುವುದು ಲೇಸು. ನೀರಿನ ಮಟ್ಟದ ಕೆಳಗೆ ಮಾಡಿದ ಪ್ರತಿಯೊಂದು ತೂತು ಒಂದಲ್ಲ ಒಂದು ದಿನ ಸೋರುವ ಜಾಗ.

ಕೊಳವೆಯ ಗಾತ್ರದ ವಿಷಯದಲ್ಲಿ ಜಿಪುಣತನ ಸಲ್ಲದು. ಮೇಲಿನ ಉದಾಹರಣೆಯ ತೊಟ್ಟಿಯಲ್ಲಿ ಸುಮಾರು 1,500 ಲೀಟರ್ ನೀರಿದ್ದು, ಗಂಟೆಗೊಮ್ಮೆ ಅದು ಪೂರ್ತಿ ತಿರುಗಬೇಕೆಂದರೆ, 20 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ನೀರಿನ ವೇಗ ಸೆಕೆಂಡಿಗೆ 1.3 ಮೀಟರ್, 25 ಮಿ.ಮೀ.ನಲ್ಲಿ 0.85 ಮೀಟರ್. ಘರ್ಷಣೆಯ ನಷ್ಟ ಮಾತ್ರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಐಎಸ್ 4985 ಗುರುತಿನ ಪಿವಿಸಿ ಕೊಳವೆಗಳಲ್ಲಿ ನಮೂದಿಸುವುದು ಹೊರವ್ಯಾಸ. ಕೊಳ್ಳುವಾಗ ಒಳವ್ಯಾಸವನ್ನು ಅಳೆದು ನೋಡುವುದು ಒಳ್ಳೆಯದು. ಪಂಪಿನ ಡಬ್ಬಿಯ ಮೇಲಿನ ಲೀಟರ್ ಲೆಕ್ಕ ನೀರನ್ನು ಸ್ವಲ್ಪವೂ ಮೇಲೇರಿಸದಿದ್ದಾಗಿನದು. ಅಲ್ಲಿಯೇ ನಮೂದಿಸಿದ ಗರಿಷ್ಠ ಎತ್ತರದಲ್ಲಿ ಹರಿವು ಸೊನ್ನೆ. ಎರಡನ್ನೂ ಒಟ್ಟಿಗೆ ಕೊಡುತ್ತದೆಂದು ತಿಳಿದು ಮೋಸಹೋಗುವವರು ಬಹಳ.

ಪಂಪಿನ ಹತ್ತಿರ ಒಂದು, ತೊಟ್ಟಿಯ ಅಂಚಿನ ಬಳಿ ಇನ್ನೊಂದು ಯೂನಿಯನ್ ಅಳವಡಿಸಿದರೆ, ತೊಳೆಯಲು ಬಿಚ್ಚುವಾಗ ಗರಗಸದ ಅಗತ್ಯ ಬೀಳುವುದಿಲ್ಲ. ಸಾಲ್ವೆಂಟ್ ಹಚ್ಚಿದ ಬೆಸುಗೆಗಳನ್ನು ಒಂದು ದಿನ ಒಣಗಲು ಬಿಟ್ಟು, ಮೊದಲ ನೀರನ್ನು ಹರಿಸಿ ಚೆಲ್ಲಿದ ನಂತರವೇ ಮೀನು ಬಿಡಬೇಕು. ತಾಮ್ರ ಮತ್ತು ಸತುವು ಮೀನಿಗೆ ವಿಷಕಾರಿ. ಆದ್ದರಿಂದ ಹಿತ್ತಾಳೆಯ ವಾಲ್ವ್ ಹಾಗೂ ಜಿಐ ಬಿಡಿಭಾಗಗಳನ್ನು ನೀರು ತಾಗುವಲ್ಲಿ ಬಳಸಬಾರದು. ಕೀಟನಾಶಕ ಸಿಂಪರಣೆಗೆ ಬಳಸಿದ ಪೈಪನ್ನು ಎಷ್ಟೇ ತೊಳೆದರೂ ಇಲ್ಲಿಗೆ ತರಬಾರದು.

ಇನ್ನು ಕೊಳವೆಯನ್ನು ಭದ್ರಪಡಿಸುವ ಕ್ರಮ. ನೀರು ತುಂಬಿದ ಕೊಳವೆಯ ಭಾರ ತೊಟ್ಟಿಯ ಅಂಚಿನ ಮೇಲೆ, ಅದರಲ್ಲಿಯೂ ಗಾಜಿನ ಅಂಚಿನ ಮೇಲೆ ಬೀಳಕೂಡದು. ಗೋಡೆಗೆ ಅಥವಾ ಪ್ರತ್ಯೇಕ ಚೌಕಟ್ಟಿಗೆ ಕ್ಲಾಂಪು ಹಾಕಬೇಕು. ಅಡ್ಡ ಸಾಗುವ ಕೊಳವೆಗೆ ಎರಡರಿಂದ ಮೂರು ಅಡಿಗೆ ಒಂದು ಕ್ಲಾಂಪು, ಪ್ರತಿ ಎಲ್ಬೋದ ಎರಡೂ ಬದಿಗೆ ಒಂದೊಂದು. ಪಂಪು ಶುರುವಾದಾಗ ನೀರಿನ ಒದೆತ ಬೀಳುವುದು ತಿರುವುಗಳ ಮೇಲೆಯೇ. ಆದರೆ ಕ್ಲಾಂಪನ್ನು ಉಸಿರುಕಟ್ಟುವಂತೆ ಬಿಗಿಯಬಾರದು. 6 ಮೀಟರಿನ ಒಂದು ಪಿವಿಸಿ ಕೊಳವೆ ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ 20 ಡಿಗ್ರಿ ಕಾಯ್ದರೆ ಸುಮಾರು 8 ಮಿ.ಮೀ. ಹಿಗ್ಗುತ್ತದೆ, ಅದಕ್ಕೆ ಜಾರಲು ಎಡೆಯಿಲ್ಲದಿದ್ದರೆ ಬೆಸುಗೆ ಬಿಡುತ್ತದೆ. ಪಂಪಿಗೂ ಕೊಳವೆಗೂ ನಡುವೆ ಗೇಣುದ್ದದ ರಬ್ಬರ್ ಹೋಸು ಹಾಕಿ ಸ್ಟೇನ್‌ಲೆಸ್ ಸ್ಟೀಲಿನ ಕ್ಲಿಪ್ಪಿನಿಂದ ಬಿಗಿದರೆ ಪಂಪಿನ ಅದುರು ಕೊಳವೆಗೆ ಏರುವುದಿಲ್ಲ. ಬಿಸಿಲಿಗೆ ಪಿವಿಸಿ ಪೆಡಸಾಗುವುದರಿಂದ ಹೊರಗಿನ ಭಾಗಕ್ಕೆ ಬಣ್ಣ ಬಳಿಯುವುದು ಅಥವಾ ನೆರಳು ಕಟ್ಟುವುದು ಸೂಕ್ತ. ಪಾರದರ್ಶಕ ಹೋಸಿನೊಳಗೆ ಪಾಚಿ ಬೆಳೆಯುತ್ತದೆ, ಅದನ್ನು ಬಳಸಬಾರದು.

ಮೀನು ಬಿಡುವ ಮೊದಲು ಪರೀಕ್ಷೆ ಕಡ್ಡಾಯ. ಪಂಪು ಓಡುತ್ತಿರುವಾಗ ಸಂಪಿನ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ಸ್ವಿಚ್ ಆರಿಸಿ, ಮಡಿಯ ನೀರು ಬಸಿದು ನಿಲ್ಲುವವರೆಗೆ ಕಾದು, ಎರಡನೆಯ ಗೆರೆ ಎಳೆಯಿರಿ. ಬಳಿಕ ಗಾಳಿ ರಂಧ್ರಗಳನ್ನು ಟೇಪಿನಿಂದ ಮುಚ್ಚಿ, ವಾಲ್ವ್ ಇದ್ದರೆ ಅದನ್ನೂ ಬಿಚ್ಚಿಟ್ಟು, ಮತ್ತೊಮ್ಮೆ ಪರೀಕ್ಷಿಸಿರಿ. ಆಗಲೂ ಸಂಪು ಉಕ್ಕಬಾರದು. ಉಕ್ಕಿದರೆ ಕೊಳವೆಯ ಬಾಯಿಯನ್ನು ಮೇಲೆತ್ತಬೇಕು, ಇಲ್ಲವೇ ಸಂಪನ್ನು ದೊಡ್ಡದು ಮಾಡಬೇಕು. ಪರೀಕ್ಷೆ ಮುಗಿದ ಮೇಲೆ ಟೇಪು ತೆಗೆಯಲು ಮರೆಯಬೇಡಿ.

ಮೀನಿನ ತೊಟ್ಟಿಯ ಮಟ್ಟ ಕೋಡಿಯಲ್ಲಿ ಸ್ಥಿರವಾಗಿರುವುದರಿಂದ, ಆವಿಯಾಗಿ ಹೋದ ನೀರಿನ ಕೊರತೆ ಕಾಣಿಸಿಕೊಳ್ಳುವುದು ಸಂಪಿನಲ್ಲಿ ಮಾತ್ರ. ಸಂಪು ಅರ್ಧ ಖಾಲಿ ಕಂಡಿತೆಂದು ಅಂಚಿನವರೆಗೆ ನೀರು ತುಂಬಿಸುವ ಕೆಲಸದಾಳುಗಳನ್ನು ಹಲವೆಡೆ ನೋಡಿದ್ದೇನೆ. ಅಂದಿನ ರಾತ್ರಿ ವಿದ್ಯುತ್ ಹೋದರೆ ಗೊಬ್ಬರದ ನೀರೆಲ್ಲ ಚರಂಡಿಗೆ. ನೀರು ಸೇರಿಸುವುದಿದ್ದರೆ ಪಂಪು ಓಡುತ್ತಿರುವಾಗ, ಮೊದಲನೆಯ ಗೆರೆಯವರೆಗೆ ಮಾತ್ರ ಸೇರಿಸಬೇಕೆಂದು ಅವರಿಗೆ ತಿಳಿಸಿ, ಆ ಗೆರೆಯನ್ನು ಅಳಿಯದ ಕೆಂಪು ಬಣ್ಣದಲ್ಲಿ ಬರೆಸಿಡಿ.