ಹಳೆಯ ವಿಮಾನದ ಕೊಳುಕೊಡೆ ಮತ್ತು ಅದರ ವ್ಯಾಜ್ಯಗಳು

ನಮ್ಮ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯನ್ನು ನೋಡದ ಬಾಲಕ ಬಾಲಿಕೆಯರು ವಿರಳ. ಎತ್ತು ಕೊಳ್ಳಬಂದ ರೈತನು ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುವನು; ಆಮೇಲೆ ಸುಳಿ ನೋಡುವನು; ನಾಲ್ಕು ಹೆಜ್ಜೆ ನಡೆಯಿಸಿ ಕುಂಟುವುದೇನೋ ಎಂದು ಪರೀಕ್ಷಿಸುವನು. ಇಷ್ಟಾದರೂ ಮನೆಗೆ ಹೋದ ಮೇಲೆ ಜಗಳವಾಗುವುದುಂಟು. ಅಮೆರಿಕಾ ದೇಶದಲ್ಲಿ ಹಳೆಯ ವಿಮಾನಗಳ ವ್ಯಾಪಾರದಲ್ಲಿಯೂ ಇಂಥವೇ ಜಗಳಗಳು ಏಳುತ್ತವೆ. ವಿಮಾನಕ್ಕೆ ಹಲ್ಲಿಲ್ಲ. ಅದರ ಪೂರ್ವಚರಿತ್ರೆಯನ್ನು ಕಾಗದಗಳಿಂದಲೇ ತಿಳಿಯಬೇಕು. ಜಗಳದ ಮೂಲವೂ ಬಹುಮಟ್ಟಿಗೆ ಆ ಕಾಗದಗಳಲ್ಲಿಯೇ ಇದೆ.

ವಿಮಾನವೆಂದೊಡನೆ ನೂರಾರು ಜನರನ್ನು ಹೊತ್ತೊಯ್ಯುವ ದೊಡ್ಡ ಯಂತ್ರವು ನಮ್ಮ ಕಣ್ಣಮುಂದೆ ನಿಲ್ಲುವುದು. ಆ ದೇಶದಲ್ಲಿಯಾದರೋ ರೈತರೂ ವೈದ್ಯರೂ ವ್ಯಾಪಾರಿಗಳೂ ನಾಲ್ಕು ಆಸನಗಳ ಸಣ್ಣ ವಿಮಾನವನ್ನು ಸ್ವಂತಕ್ಕೆ ಇಟ್ಟುಕೊಳ್ಳುವುದುಂಟು. ೧೯೫೬ರಲ್ಲಿ ಮಾರಾಟಕ್ಕೆ ಬಂದ ಸೆಸ್ನಾ ೧೭೨ ಎಂಬ ಮಾದರಿಯೊಂದರಲ್ಲಿಯೇ ೪೪,೦೦೦ಕ್ಕೂ ಹೆಚ್ಚು ವಿಮಾನಗಳು ತಯಾರಾಗಿವೆ. ೧೯೮೬ರಿಂದ ೧೯೯೬ರ ವರೆಗೆ ಅದರ ನಿರ್ಮಾಣವೇ ನಿಂತಿದ್ದಿತು. ಆದುದರಿಂದ ಇಂದು ಕೈಯಿಂದ ಕೈಗೆ ಹೋಗುವ ಅನೇಕ ವಿಮಾನಗಳು ಕೊಳ್ಳುವವನಿಗಿಂತಲೂ ಹಿರಿಯವು!

ಅಲ್ಲಿಯ ಕಾನೂನಿನಂತೆ ಇಂಥ ವಿಮಾನವನ್ನು ಹನ್ನೆರಡು ತಿಂಗಳಿಗೊಮ್ಮೆ ಅಧಿಕಾರಪತ್ರವುಳ್ಳ ಮೆಕ್ಯಾನಿಕನು ಪರೀಕ್ಷಿಸಿ, ಹಾರಲು ಯೋಗ್ಯವೆಂದು ಲಾಗ್‌ಬುಕ್ಕಿನಲ್ಲಿ ರುಜು ಹಾಕಬೇಕು. ಮಾರುವವನು ‘ವಾರ್ಷಿಕ ಪರೀಕ್ಷೆ ಈಗತಾನೇ ಆಗಿದೆ’ ಎಂದು ಜಾಹೀರಾತು ಕೊಡುವನು. ಕೊಳ್ಳುವವನು ಆ ರುಜುವನ್ನೇ ಜಾಮೀನೆಂದು ನಂಬುವನು. ಆದರೆ ಆ ರುಜು ಆ ಒಂದು ದಿನದ ಮಾತು. ಹಾಕಿದವನು ಸಾಮಾನ್ಯವಾಗಿ ಮಾರುವವನಿಂದ ಹಣ ಪಡೆದವನು. ಮರುವರ್ಷ ಹೊಸ ಒಡೆಯನ ಮೆಕ್ಯಾನಿಕನು ರೆಕ್ಕೆಯೊಳಗಿನ ತೊಲೆಯಲ್ಲಿ ಲೋಹವು ತಿಂದುಹೋಗಿರುವುದನ್ನು ತೋರಿಸಿ, ‘ನಾನು ರುಜು ಹಾಕಲಾರೆ’ ಎನ್ನುವನು. ರಿಪೇರಿಯ ಖರ್ಚು ಕೆಲವೊಮ್ಮೆ ವಿಮಾನದ ಬೆಲೆಯನ್ನೇ ಮುಟ್ಟುವುದು. ವ್ಯಾಜ್ಯಕ್ಕೆ ಇನ್ನೇನು ಬೇಕು?

ಎಂಜಿನ್ನಿನ ವಿಷಯವು ಇನ್ನೂ ಸೂಕ್ಷ್ಮವಾದುದು. ಇಂಥ ಅನೇಕ ವಿಮಾನಗಳಲ್ಲಿರುವ ಲೈಕಮಿಂಗ್ ಎಂಜಿನ್ನನ್ನು ಸುಮಾರು ೨,೦೦೦ ಗಂಟೆ ಓಡಿದ ಮೇಲೆ, ಇಲ್ಲವೆ ೧೨ ವರ್ಷ ಕಳೆದ ಮೇಲೆ, ಪೂರ್ತಿ ಬಿಚ್ಚಿ ಹೊಸದುಮಾಡಬೇಕೆಂದು ಕಾರ್ಖಾನೆಯ ಸಲಹೆ. ಇಪ್ಪತ್ತು ವರ್ಷಗಳಲ್ಲಿ ಆರು ನೂರು ಗಂಟೆ ಮಾತ್ರ ಓಡಿದ್ದೆಂದರೆ ಕೊಳ್ಳುವವನು ಹಿಗ್ಗುವನು. ವಾಸ್ತವವಾಗಿ ಸುಮ್ಮನೆ ನಿಂತ ಎಂಜಿನ್ನೇ ಹೆಚ್ಚು ಅಪಾಯಕರ. ಕವಾಟಗಳನ್ನು ತೆರೆಯಿಸುವ ಕ್ಯಾಮ್ ದಂಡವು ಈ ಎಂಜಿನ್ನುಗಳಲ್ಲಿ ಮೇಲ್ಭಾಗದಲ್ಲಿದೆ. ವಿಮಾನವು ತಿಂಗಳುಗಟ್ಟಲೆ ನಿಂತರೆ ಅದರ ಮೇಲಿನ ಎಣ್ಣೆ ಕೆಳಗಿಳಿದುಹೋಗಿ, ಒಳಗಿನ ತೇವದಿಂದ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಮತ್ತೆ ಹಾರಿಸಲಾರಂಭಿಸಿದಾಗ ಆ ಭಾಗವು ಸವೆದು, ಎಣ್ಣೆಯ ಶೋಧಕದಲ್ಲಿ ಕಬ್ಬಿಣದ ಚೂರುಗಳು ಕಾಣಿಸುವುವು. ಸಿಲಿಂಡರಿಗೆ ೮೦ ಪೌಂಡು ಒತ್ತಡದ ಗಾಳಿ ಹಾಯಿಸಿ ಎಷ್ಟು ನಿಲ್ಲುವುದೆಂದು ನೋಡುವ ಪರೀಕ್ಷೆಯೊಂದಿದೆ. ಅದರಲ್ಲಿ ಈ ತುಕ್ಕು ಸಿಕ್ಕಿಬೀಳುವುದಿಲ್ಲ. ಕಣ್ಣಿಂದ ಚೆನ್ನಾಗಿ ನೋಡಬೇಕಾದರೆ ಒಂದು ಸಿಲಿಂಡರನ್ನೇ ಬಿಚ್ಚಬೇಕಾಗುವುದು. ‘ವ್ಯಾಪಾರ ಮುರಿದರೆ ಬಿಚ್ಚಿದುದನ್ನು ಸರಿಯಾಗಿ ಕೂಡಿಸುವವರು ಯಾರು?’ ಎಂದು ಮಾರುವವನು ಕೇಳುವನು. ‘ನೋಡದೆ ಹೇಗೆ ಕೊಳ್ಳಲಿ?’ ಎಂದು ಕೊಳ್ಳುವವನು. ಎರಡು ಮಾತಿನಲ್ಲಿಯೂ ನ್ಯಾಯವಿದೆ. ಮಾರುವವನು ತೋರಿಸಲೊಪ್ಪದಿದ್ದರೆ ಬೆಲೆಯನ್ನಾದರೂ ಇಳಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.

ಕರಾರುಪತ್ರದಲ್ಲಿ ‘ಇದ್ದ ಸ್ಥಿತಿಯಲ್ಲಿಯೇ ಕೊಂಡಿದ್ದೇನೆ’ ಎಂಬ ಮಾತು ಸಾಮಾನ್ಯವಾಗಿರುತ್ತದೆ. ಅದಕ್ಕೆ ರುಜು ಹಾಕಿದವನು ಆಮೇಲೆ ಕಂಡ ದೋಷಕ್ಕೆ ಪರಿಹಾರ ಪಡೆಯುವುದು ಬಹಳ ಕಷ್ಟ. ಆದರೂ ಮಾರುವವನು ತಿಳಿದೂ ತಿಳಿದೂ ಸುಳ್ಳು ಹೇಳಿದ್ದರೆ ಆ ಮಾತು ಅವನನ್ನು ಕಾಯುವುದಿಲ್ಲ. ತಿಳಿದಿದ್ದನೆಂಬುದನ್ನು ರುಜುವಾತುಪಡಿಸುವುದೇ ತೊಡಕು. ಇದಕ್ಕೆ ನೆರವಾಗುವ ಕಾಗದವೊಂದಿದೆ: ದೊಡ್ಡ ರಿಪೇರಿ ಮಾಡಿದಾಗಲೆಲ್ಲ ೩೩೭ನೆಯ ನಂಬರಿನ ನಮೂನೆಯನ್ನು ತುಂಬಿ, ಅದರ ಒಂದು ಪ್ರತಿಯನ್ನು ಓಕ್ಲಹೋಮಾ ನಗರದಲ್ಲಿರುವ ಸರಕಾರಿ ವಿಮಾನ ದಫ್ತರಕ್ಕೆ ಕಳುಹಿಸಬೇಕೆಂದು ನಿಯಮ. ಲಾಗ್‌ಬುಕ್ಕಿನ ಹಾಳೆ ಕಳೆದಿದ್ದರೂ ಹಳೆಯ ಅಪಘಾತದ ಸುಳಿವು ಅಲ್ಲಿ ದೊರೆಯಬಹುದು. ಯಾರು ಬೇಕಾದರೂ ಪ್ರತಿ ತರಿಸಿಕೊಳ್ಳಬಹುದು.

ಒಡೆತನದ ವ್ಯಾಜ್ಯಗಳೂ ಇವೆ. ೧೯೮೩ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಒಂದು ಖಟ್ಲೆ ಹೊಸ ವಿಮಾನದ್ದಾದರೂ ಹಳೆಯವಕ್ಕೂ ಅನ್ವಯಿಸುತ್ತದೆ. ಇಬ್ಬರು ಪೂರ್ತಿ ಹಣ ಕೊಟ್ಟು ವಿಮಾನವನ್ನು ವಶಕ್ಕೆ ತೆಗೆದುಕೊಂಡರು. ಮಾರಿದವನು ಮೂಲ ಕ್ರಯಪತ್ರದ ಬದಲು ಅದರ ಪ್ರತಿಯನ್ನು ಮಾತ್ರ ಕೊಟ್ಟು, ಕಾಗದಪತ್ರದ ಕೆಲಸ ತಾನೇ ನೋಡಿಕೊಳ್ಳುವೆನೆಂದನು. ಆಮೇಲೆ ಅದೇ ವಿಮಾನವನ್ನು ಬೇರೊಂದು ಕಂಪನಿಗೆ ಮಾರಿದನು! ದಫ್ತರದಲ್ಲಿ ನೋಂದಾಯಿಸದ ಕ್ರಯವು, ಅದನ್ನು ಅರಿಯದೆ ಕೊಂಡ ಮೂರನೆಯವನ ಹಕ್ಕಿನ ಮುಂದೆ ನಿಲ್ಲದೆಂದು ನ್ಯಾಯಾಲಯವು ಹೇಳಿತು. ಆ ಕಂಪನಿಗೆ ಮೊದಲಿನ ಕ್ರಯದ ಸಂಗತಿ ತಿಳಿದಿತ್ತೇ ಎಂಬಿತ್ಯಾದಿ ವಿಚಾರಣೆಗಾಗಿ ಖಟ್ಲೆಯು ಕೆಳಗಿನ ನ್ಯಾಯಾಲಯಕ್ಕೆ ಮರಳಿತು. ಆದುದರಿಂದಲೇ ಎಚ್ಚರಿಕೆಯುಳ್ಳವರು ಈಗ ಹಣವನ್ನು ಮಾರುವವನ ಕೈಗೆ ನೇರವಾಗಿ ಕೊಡದೆ ಮಧ್ಯಸ್ಥ ಸಂಸ್ಥೆಯಲ್ಲಿಡುವರು. ಮೂಲ ಕ್ರಯಪತ್ರವು ದಫ್ತರಕ್ಕೆ ಸಲ್ಲುವಾಗಲೇ ಹಣವು ಮಾರುವವನಿಗೆ ಸೇರುವುದು.