ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರ್ ಪದೇ ಪದೇ ಕೆಡುವುದೇಕೆ?

ಭತ್ತದ ಬೇಸಾಯದಲ್ಲಿ ಕಾಲಕ್ಕೆ ಇರುವ ಬೆಲೆ ರೈತರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆಯನ್ನು ಕೆಸರು ಮಾಡಿ, ಮಟ್ಟ ಮಾಡಿ, ಸರಿಯಾದ ವಯಸ್ಸಿನ ಸಸಿಯನ್ನು ನೆಡಲು ಸಿಗುವ ದಿನಗಳು ಕೆಲವೇ. ಮಧ್ಯಮಾವಧಿ ತಳಿಗಳ 21 ರಿಂದ 25 ದಿನಗಳ ಸಸಿಯನ್ನು ನೆಡುವ ಬದಲು 40 ದಿನಗಳ ಬಲಿತ ಸಸಿಯನ್ನು ನೆಟ್ಟರೆ ತೆಂಡೆಗಳು ಕಡಿಮೆಯಾಗಿ ಇಳುವರಿ ಕುಗ್ಗುತ್ತದೆ. ಅಂಥ ಸಮಯದಲ್ಲಿ ಟ್ರ್ಯಾಕ್ಟರ್ ಕೆಟ್ಟು ವಾರಗಟ್ಟಲೆ ನಿಂತರೆ ಆಗುವ ನಷ್ಟ ಬಿಡಿ ಭಾಗಗಳ ಬೆಲೆಗಿಂತ ಎಷ್ಟೋ ದೊಡ್ಡದು.

ಕೆಸರುಗದ್ದೆಯ ಕೆಲಸಕ್ಕಾಗಿ ಇತ್ತೀಚಿನ ವರ್ಷಗಳಲ್ಲಿ ಅನೇಕ ರೈತರು ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಟ್ರ್ಯಾಕ್ಟರ್‌ಗಳನ್ನು ಕೊಳ್ಳುತ್ತಿದ್ದಾರೆ. ಇವು ಜಾರುವ ನೆಲದಲ್ಲಿ ಚೆನ್ನಾಗಿ ಎಳೆಯುತ್ತವೆಂಬುದು ನಿಜ. ಆದರೆ ಮುಂದಿನ ಆಕ್ಸಲ್‌ನ ಆಯಿಲ್ ಸೀಲ್, ಶಾಫ್ಟಿನ ಕ್ರಾಸ್, ಬೇರಿಂಗ್, ಕ್ರೌನ್ ಮತ್ತು ಪಿನಿಯನ್ ಇವುಗಳಲ್ಲಿ ಒಂದಲ್ಲ ಒಂದು ಮತ್ತೆ ಮತ್ತೆ ಹೋಗುತ್ತದೆಂಬ ದೂರು ಸಾಮಾನ್ಯವಾಗಿ ಕೇಳಿಬರುತ್ತದೆ. ಹೊಸ ಭಾಗ ಹಾಕಿಸಿದ ಕೆಲವೇ ತಿಂಗಳಲ್ಲಿ ಅದೇ ತೊಂದರೆ ಮರುಕಳಿಸಿದರೆ, ಕೆಟ್ಟ ಭಾಗವನ್ನು ಬದಲಾಯಿಸಲಾಗಿದೆಯೇ ಹೊರತು ಕೆಡಿಸಿದ ಕಾರಣ ಹಾಗೆಯೇ ಉಳಿದಿದೆ ಎಂದು ತಿಳಿಯಬೇಕು.

ಬೆಳೆಯಲ್ಲಿಯೂ ಹೀಗೆಯೇ ಅಲ್ಲವೇ? ಭತ್ತದ ಎಲೆ ಕಂದು ತಿರುಗುವ ‘ಖೈರಾ’ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು 1966ರಲ್ಲಿ ಪಂತನಗರದ ಡಾ. ವೈ. ಎಲ್. ನೇನೆಯವರು ತೋರಿಸಿಕೊಟ್ಟರು. ಸತುವು ಕೊಡದೆ ಎಷ್ಟು ಯೂರಿಯಾ ಎರಚಿದರೂ ಆ ಬೆಳೆ ಚೇತರಿಸಿಕೊಳ್ಳುವುದಿಲ್ಲ. ಯಂತ್ರದ ವಿಷಯದಲ್ಲಿಯೂ ಲಕ್ಷಣವನ್ನು ನೋಡಿ ಮೂಲವನ್ನು ಹುಡುಕಬೇಕು.

ಚಾಲನೆ ಹೇಗೆ ಹಂಚಿಕೆಯಾಗುತ್ತದೆ?

ನಮ್ಮಲ್ಲಿ ಬಳಕೆಯಲ್ಲಿರುವ ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಬಾಕ್ಸಿನಿಂದ ಒಂದು ಶಾಫ್ಟ್ ಮುಂದಿನ ಆಕ್ಸಲ್‌ಗೆ ಹೋಗುತ್ತದೆ. ಸನ್ನೆಕೋಲನ್ನು ಹಾಕಿದೊಡನೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿಯಾಗಿ ಸೇರಿಕೊಳ್ಳುತ್ತವೆ. ಎಡ ಬಲ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇರುವಂತೆ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಸಾಮಾನ್ಯವಾಗಿ ಇರುವುದಿಲ್ಲ.

ಮುಂದಿನ ಚಕ್ರಗಳು ಚಿಕ್ಕವು. ಆದ್ದರಿಂದ ಅವು ಹೆಚ್ಚು ಸುತ್ತು ತಿರುಗುವಂತೆ ಗೇರುಗಳನ್ನು ಅಳವಡಿಸಿರುತ್ತಾರೆ. ಅಷ್ಟೇ ಅಲ್ಲದೆ, ಮುಂದಿನ ಚಕ್ರ ಹಿಂದಿನದಕ್ಕಿಂತ ಸ್ವಲ್ಪ ಮುಂದೆ ಹೋಗಲು ಎಳೆಯುವಂತೆಯೂ ಮಾಡಿರುತ್ತಾರೆ. ಇದನ್ನು ‘ಮುನ್ನಡೆ’ ಎಂದು ಕರೆಯೋಣ. ಇದು ಸಾಧಾರಣವಾಗಿ ಶೇಕಡಾ 1 ರಿಂದ 5ರೊಳಗೆ ಇರತಕ್ಕದ್ದು.

ಸಡಿಲ ಮಣ್ಣಿನಲ್ಲಿ ಈ ಸಣ್ಣ ವ್ಯತ್ಯಾಸ ಚಕ್ರ ಜಾರುವುದರಿಂದ ಹೊಂದಿಕೊಳ್ಳುತ್ತದೆ. ಡಾಂಬರು ರಸ್ತೆಯಲ್ಲಿ ಚಕ್ರ ಸುಲಭವಾಗಿ ಜಾರುವುದಿಲ್ಲ. ತಿರುವಿನಲ್ಲಂತೂ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಉದ್ದದ ದಾರಿ ಕ್ರಮಿಸಬೇಕು. ಆಗ ಎರಡು ಆಕ್ಸಲ್‌ಗಳೂ ಒಂದರೊಡನೊಂದು ಗುದ್ದಾಡಿ, ಹಗ್ಗ ಹೊಸೆದಂತೆ ಶಾಫ್ಟಿನಲ್ಲಿ ತಿರುಚು ಬಲ ಕೂಡಿಕೊಳ್ಳುತ್ತದೆ. ಕ್ರಾಸ್, ಬೇರಿಂಗ್ ಮತ್ತು ಗೇರಿನ ಹಲ್ಲುಗಳು ಈ ಹೊರೆಯನ್ನು ಹೊರಬೇಕಾಗುತ್ತದೆ.

ಮೊದಲು ಟೈರನ್ನು ಅಳೆಯಿರಿ

ಮುಂದಿನ ಆಕ್ಸಲ್‌ನ ತೊಂದರೆ ಮರುಕಳಿಸುತ್ತಿದ್ದರೆ ಸ್ಪ್ಯಾನರ್ ಹಿಡಿಯುವ ಮೊದಲು ಅಳತೆ ಟೇಪು ಹಿಡಿಯಿರಿ. ನಾಲ್ಕೂ ಟೈರುಗಳಿಗೆ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬಿ, ಟ್ರ್ಯಾಕ್ಟರನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ನಾಲ್ಕು ಚಕ್ರ ಚಾಲನೆಯನ್ನು ಬಿಡಿಸಿ. ಟೈರು ನೆಲಕ್ಕೆ ತಾಗುವ ಕಡೆ ಸೀಮೆಸುಣ್ಣದಿಂದ ಟೈರಿಗೂ ನೆಲಕ್ಕೂ ಗುರುತು ಹಾಕಿ. ನಿಧಾನವಾಗಿ ನೇರ ಸಾಗಿ, ಚಕ್ರ ಸರಿಯಾಗಿ 10 ಸುತ್ತು ತಿರುಗಿದಾಗ ನಿಲ್ಲಿಸಿ ದೂರವನ್ನು ಅಳೆಯಿರಿ. ಅದನ್ನು 10ರಿಂದ ಭಾಗಿಸಿದರೆ ಒಂದು ಸುತ್ತಿನ ದೂರ ಸಿಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆಯಾಗಿ ಹೀಗೆ ಅಳೆಯಬೇಕು.

ಹಿಂದಿನ ಚಕ್ರದ ಒಂದು ಸುತ್ತಿಗೆ ಮುಂದಿನ ಚಕ್ರ ಎಷ್ಟು ಸುತ್ತು ತಿರುಗುವಂತೆ ಗೇರು ಇದೆ ಎಂಬ ಅನುಪಾತವನ್ನು ಕೈಪಿಡಿಯಿಂದ ಅಥವಾ ಮಾರಾಟಗಾರರಿಂದ ತಿಳಿದುಕೊಳ್ಳಿ. ಮುಂದಿನ ಚಕ್ರದ ಒಂದು ಸುತ್ತಿನ ದೂರವನ್ನು ಈ ಅನುಪಾತದಿಂದ ಗುಣಿಸಿ, ಹಿಂದಿನ ಚಕ್ರದ ದೂರವನ್ನು ಅದರಿಂದ ಕಳೆಯಿರಿ. ಬಂದ ವ್ಯತ್ಯಾಸವನ್ನು ಹಿಂದಿನ ಚಕ್ರದ ದೂರದಿಂದ ಭಾಗಿಸಿ 100ರಿಂದ ಗುಣಿಸಿದರೆ ಮುನ್ನಡೆಯ ಶೇಕಡಾ ಪ್ರಮಾಣ ದೊರೆಯುತ್ತದೆ.

ಉದಾಹರಣೆಗೆ, ಹಿಂದಿನ ಚಕ್ರ 408 ಸೆಂ.ಮೀ., ಮುಂದಿನದು 312 ಸೆಂ.ಮೀ., ಅನುಪಾತ 1.345 ಎಂದಿಟ್ಟುಕೊಳ್ಳಿ. 312ನ್ನು 1.345ರಿಂದ ಗುಣಿಸಿದರೆ 419.6 ಆಗುತ್ತದೆ. ವ್ಯತ್ಯಾಸ 11.6, ಮುನ್ನಡೆ ಶೇಕಡಾ 2.8. ಇದು ಸರಿಯಾಗಿದೆ. ಇದೇ ಟ್ರ್ಯಾಕ್ಟರಿನ ಹಿಂದಿನ ಟೈರುಗಳು ಸವೆದು 394 ಸೆಂ.ಮೀ.ಗೆ ಇಳಿದಿರುವಾಗ ಮುಂದೆ ಮಾತ್ರ ಹೊಸ ಟೈರು ಹಾಕಿದರೆ ಮುನ್ನಡೆ ಶೇಕಡಾ 6.5ಕ್ಕೆ ಏರುತ್ತದೆ. ಅಂದರೆ ಹಿಂದಿನ ಚಕ್ರ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನದು 106.5 ಮೀಟರ್ ಹೋಗಲು ಹವಣಿಸುತ್ತದೆ. ಇದಕ್ಕೆ ವಿರುದ್ಧವಾಗಿ ಹಿಂದೆ ಹೊಸ ಟೈರು ಇದ್ದು ಮುಂದಿನವು ಸವೆದು 300 ಸೆಂ.ಮೀ. ಆಗಿದ್ದರೆ, ಮುಂದಿನ ಚಕ್ರ ಶೇಕಡಾ 1.1ರಷ್ಟು ಹಿಂದೆ ಬಿದ್ದು ಎಳೆಯುವ ಬದಲು ತಡೆಯುತ್ತದೆ.

ಟೈರಿನ ಉಬ್ಬುಪಟ್ಟಿ 1 ಸೆಂ.ಮೀ. ಸವೆದರೆ ಒಂದು ಸುತ್ತಿನ ದೂರ ಸುಮಾರು 6 ಸೆಂ.ಮೀ. ಕಡಿಮೆಯಾಗುತ್ತದೆ. ಆದ್ದರಿಂದ ಒಂದೇ ಆಕ್ಸಲ್‌ನಲ್ಲಿ ಹೊಸ ಟೈರು ಒಂದು, ಹಳೆಯದು ಒಂದು ಹಾಕುವುದು ತರವಲ್ಲ. ಸುಲಭವಾಗಿ ಸಿಕ್ಕಿತೆಂದು ಬೇರೆ ಅಳತೆಯ ಟೈರು ಹಾಕುವುದಂತೂ ಸಲ್ಲದು. ಹಿಂದಿನ ಟೈರು ತೆಗೆದು ಪೂರ್ತಿ ಕೇಜ್ ವ್ಹೀಲ್ ಹಾಕುವವರು ಅದರ ವ್ಯಾಸವೂ ಟೈರಿಗೆ ಹೊಂದುವಂತೆ ನೋಡಿಕೊಳ್ಳಬೇಕು.

ಸನ್ನೆಕೋಲು ಬಿಡದಿದ್ದರೆ

ರಸ್ತೆಗೆ ಬಂದ ಮೇಲೆ ನಾಲ್ಕು ಚಕ್ರ ಚಾಲನೆಯ ಸನ್ನೆಕೋಲು ಬಿಗಿಯಾಗಿ ಬಿಡದಿರುವುದುಂಟು. ಅದನ್ನು ಒದೆಯುವುದಾಗಲಿ ಸುತ್ತಿಗೆಯಿಂದ ಹೊಡೆಯುವುದಾಗಲಿ ಕೂಡದು. ಸ್ಟಿಯರಿಂಗ್ ನೇರವಿಟ್ಟು ಟ್ರ್ಯಾಕ್ಟರನ್ನು ಕೆಲವು ಅಡಿ ಹಿಂದಕ್ಕೆ ನಡೆಸಿ, ನಿಲ್ಲಿಸಿ, ಕೋಲನ್ನು ಎಳೆಯಿರಿ. ಸಲೀಸಾಗಿ ಬಿಟ್ಟರೆ ಶಾಫ್ಟಿನಲ್ಲಿ ತಿರುಚು ಕೂಡಿಕೊಂಡಿತ್ತೆಂದು ಅರ್ಥ; ಕಾರಣವನ್ನು ಟೈರಿನಲ್ಲಿ ಅಥವಾ ಓಡಿಸುವ ರೀತಿಯಲ್ಲಿ ಹುಡುಕಿ. ಹಾಗೆ ಮಾಡಿದರೂ ಬಿಡದಿದ್ದರೆ ಕೋಲಿನ ಜೋಡಣೆಯಲ್ಲಿಯೇ ದೋಷವಿದೆಯೆಂದು ತಿಳಿದು ಮೆಕ್ಯಾನಿಕ್‌ಗೆ ತೋರಿಸಿ.

ಸೀಲ್ ಹೋಗುತ್ತಲೇ ಇದ್ದರೆ

ಒಂದೇ ಜಾಗದ ಆಯಿಲ್ ಸೀಲ್ ಎರಡನೆಯ ಸಲ ಸೋರಿದರೆ ಮೂರನೆಯ ಸೀಲ್ ತರುವ ಮೊದಲು ಈ ನಾಲ್ಕನ್ನು ಪರೀಕ್ಷಿಸಿ:

1. ಗಾಳಿಕಿಂಡಿ: ಆಕ್ಸಲ್ ಹೌಸಿಂಗಿನ ಮೇಲೆ ಗಾಳಿಯಾಡಲು ಸಣ್ಣ ಕಿಂಡಿ ಇರುತ್ತದೆ. ಅದು ಕೆಸರಿನಿಂದ ಮುಚ್ಚಿದರೆ, ಕೆಲಸದಲ್ಲಿ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಎಣ್ಣೆಯನ್ನು ಸೀಲಿನ ಮೂಲಕ ಹೊರತಳ್ಳುತ್ತದೆ. ಬಿಸಿ ಆಕ್ಸಲ್ ಗದ್ದೆಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

2. ಬೇರಿಂಗಿನ ಸಡಿಲು: ಶಾಫ್ಟ್ ಅಲುಗಾಡುತ್ತಿದ್ದರೆ ಯಾವ ಸೀಲೂ ನಿಲ್ಲದು. ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಪಿನಿಯನ್ ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ನೋಡಿ.

3. ಸುತ್ತಿಕೊಂಡ ಹುಲ್ಲು: ಭತ್ತದ ಹುಲ್ಲು, ಚೀಲದ ದಾರ, ಪ್ಲಾಸ್ಟಿಕ್ ಹಗ್ಗ ಶಾಫ್ಟಿಗೂ ಹಬ್‌ಗೂ ಸುತ್ತಿಕೊಂಡು ಸೀಲಿನ ಅಂಚನ್ನು ಕತ್ತರಿಸುತ್ತವೆ. ದಿನದ ಕೆಲಸ ಮುಗಿದೊಡನೆ ತೆಗೆದುಹಾಕಿ.

4. ಶಾಫ್ಟಿನ ಮೇಲಿನ ಗೀರು: ಹಳೆಯ ಸೀಲ್ ಕುಳಿತಿದ್ದ ಜಾಗದಲ್ಲಿ ಉಗುರಿಗೆ ತಾಗುವ ಗೀರು ಬಿದ್ದಿದ್ದರೆ ಹೊಸ ಸೀಲ್ ಕೂಡ ಸೋರುತ್ತದೆ.

ಎಣ್ಣೆ ಹೇಳುವ ಸಂಗತಿ

ಕೆಸರಿನ ಕೆಲಸದ ದಿನಗಳಲ್ಲಿ ಮುಂದಿನ ಆಕ್ಸಲ್‌ನ ಎಣ್ಣೆಯನ್ನು ಆಗಾಗ್ಗೆ ನೋಡಬೇಕು. ರಾತ್ರಿಯೆಲ್ಲ ನಿಂತ ಟ್ರ್ಯಾಕ್ಟರಿನ ಕೆಳಗಿನ ಬಿರಡೆಯನ್ನು ಬೆಳಿಗ್ಗೆ ಎಂಜಿನ್ ಹಾಕುವ ಮೊದಲು ಸ್ವಲ್ಪ ಸಡಿಲಿಸಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳದಲ್ಲಿ ಇಳಿದಿರುತ್ತದೆ. ಮೊದಲು ನೀರಿನ ಹನಿ ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ, ನೀರು ಒಳಸೇರಿದೆ. ಎಣ್ಣೆಯನ್ನೆಲ್ಲ ಬಸಿದು, ನೀರು ಬಂದ ದಾರಿಯನ್ನು ಸರಿಪಡಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸ ಎಣ್ಣೆ ತುಂಬಿ. ಬಿರಡೆಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಹಿಟ್ಟಿನಂಥ ನಯವಾದ ಲೋಹದ ಪುಡಿ ಅಂಟಿರುವುದು ಸಹಜ. ಚೂರುಗಳು ಅಂಟಿದ್ದರೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆಯೆಂದು ತಿಳಿದು ಟ್ರ್ಯಾಕ್ಟರನ್ನು ಅಲ್ಲಿಯೇ ನಿಲ್ಲಿಸಬೇಕು.

ಎಚ್ಚರಿಕೆ: ಒಂದೇ ಚಕ್ರವನ್ನು ಜ್ಯಾಕಿನ ಮೇಲೆ ಎತ್ತಿ, ನಾಲ್ಕು ಚಕ್ರ ಚಾಲನೆ ಹಾಕಿಕೊಂಡು ಎಂಜಿನ್‌ನಿಂದ ಚಕ್ರ ತಿರುಗಿಸಿ ಪರೀಕ್ಷಿಸುವುದು ಪ್ರಾಣಾಪಾಯಕರ. ನೆಲದ ಮೇಲಿನ ಚಕ್ರಗಳು ಟ್ರ್ಯಾಕ್ಟರನ್ನು ಜ್ಯಾಕಿನಿಂದ ಎಳೆದುಹಾಕುತ್ತವೆ.

ಭಾರ ಮತ್ತು ಜಾರುವಿಕೆ

ಹೆಚ್ಚು ಭಾರ ಹೇರಿದರೆ ಹೆಚ್ಚು ಎಳೆಯುತ್ತದೆಂದು ನಂಬಿ, ಚಕ್ರಕ್ಕೆ ನೀರು ತುಂಬಿ, ಕಬ್ಬಿಣದ ತೂಕಗಳನ್ನೂ ಹಾಕುವವರಿದ್ದಾರೆ. ಗಟ್ಟಿ ನೆಲದ ಉಳುಮೆಯಲ್ಲಿ ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರಿಗೆ ಶೇಕಡಾ 8 ರಿಂದ 12ರಷ್ಟು ಜಾರುವಿಕೆ ಇರಬೇಕು. ಇದನ್ನು ತಿಳಿಯಲು, ನೇಗಿಲನ್ನು ಎತ್ತಿಕೊಂಡು ಹಿಂದಿನ ಚಕ್ರದ 10 ಸುತ್ತಿಗೆ ಎಷ್ಟು ದೂರ ಹೋಗುತ್ತದೆಂದು ಅಳೆಯಿರಿ. ಅನಂತರ ಅದೇ ಹೊಲದಲ್ಲಿ ಉಳುತ್ತಾ 10 ಸುತ್ತಿನ ದೂರವನ್ನು ಅಳೆಯಿರಿ. ಮೊದಲನೆಯದು 40 ಮೀಟರ್, ಎರಡನೆಯದು 36 ಮೀಟರ್ ಆದರೆ ಜಾರುವಿಕೆ ಶೇಕಡಾ 10. ಜಾರುವಿಕೆ ಬಹಳ ಕಡಿಮೆಯಿದ್ದರೆ ಭಾರ ಅತಿಯಾಗಿದೆ ಎಂದರ್ಥ. ಆಗ ಎಳೆತದ ಪೆಟ್ಟೆಲ್ಲ ಗೇರು ಮತ್ತು ಶಾಫ್ಟಿನ ಮೇಲೆ ಬೀಳುತ್ತದೆ, ಡೀಸೆಲ್ ವ್ಯರ್ಥವಾಗುತ್ತದೆ, ಮಣ್ಣೂ ಗಟ್ಟಿಯಾಗಿ ಬೇರು ಇಳಿಯಲು ಅಡ್ಡಿಯಾಗುತ್ತದೆ. ಅತಿಭಾರದಿಂದ ಯಂತ್ರಕ್ಕೂ ಬೆಳೆಗೂ ಒಟ್ಟಿಗೇ ಹಾನಿ ಎಂಬುದನ್ನು ಮರೆಯಬಾರದು.

ಬಳಸುವ ಕ್ರಮ

ಗದ್ದೆಯಲ್ಲಿ, ಜಾರುವ ನೆಲದಲ್ಲಿ, ಭಾರಿ ಉಳುಮೆಯಲ್ಲಿ ನಾಲ್ಕು ಚಕ್ರ ಚಾಲನೆ ಬಳಸಿ. ಒಣಗಿದ ಗಟ್ಟಿ ರಸ್ತೆಗೆ ಬರುವ ಮೊದಲೇ ಬಿಡಿಸಿ. ಭಾರದ ಟ್ರೇಲರಿನೊಡನೆ ಇಳಿಜಾರಿನಲ್ಲಿ ಬ್ರೇಕಿನ ಸಹಾಯಕ್ಕಾಗಿ ಅದನ್ನು ಹಾಕಿಕೊಳ್ಳುವಂತೆ ಕೆಲವು ಟ್ರ್ಯಾಕ್ಟರ್‌ಗಳ ಕೈಪಿಡಿಯಲ್ಲಿ ತಿಳಿಸಿರುತ್ತಾರೆ. ಅಂಥಲ್ಲಿ ಕೈಪಿಡಿಯಂತೆಯೇ ನಡೆಯಿರಿ. ಬಾಡಿಗೆಗೆ ಓಡಿಸುವ ಚಾಲಕರಿಗೂ ಈ ವಿಷಯವನ್ನು ತಪ್ಪದೆ ತಿಳಿಸಿ ಹೇಳಿ.

ಒಂದು ಪುಸ್ತಕವಿಟ್ಟು, ಯಾವ ಭಾಗ ಎಷ್ಟು ಗಂಟೆ ಓಡಿದ ಮೇಲೆ ಕೆಟ್ಟಿತು, ಆಗ ಯಾವ ಕೆಲಸ ನಡೆದಿತ್ತು, ಟೈರು ಯಾವಾಗ ಬದಲಾಯಿತು ಎಂಬುದನ್ನು ಬರೆದಿಡಿ. ಮೂರು ಸಲದ ದಾಖಲೆ ಮುಂದಿದ್ದರೆ ಮೆಕ್ಯಾನಿಕ್‌ಗೆ ಕಾರಣ ಹುಡುಕುವುದು ಸುಲಭ. ಟ್ರ್ಯಾಕ್ಟರ್‌ಗಳ ಬಳಕೆ ಮತ್ತು ದುರಸ್ತಿಯಲ್ಲಿ ತರಬೇತಿ ಪಡೆಯಲು ಇಚ್ಛಿಸುವವರಿಗೆ ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ.

ಈ ಪರೀಕ್ಷೆಗಳಿಗೆ ಬೇಕಾಗುವುದು ಅಳತೆ ಟೇಪು, ಸೀಮೆಸುಣ್ಣ ಮತ್ತು ಅರ್ಧ ದಿನದ ಬಿಡುವು ಮಾತ್ರ. ಕಾಲುವೆಗೆ ನೀರು ಬರುವ ಮೊದಲು, ಬೇಸಿಗೆಯಲ್ಲಿಯೇ ಇವನ್ನು ಮಾಡಿ ಮುಗಿಸಿದರೆ ನಾಟಿಯ ಹೊತ್ತಿಗೆ ಟ್ರ್ಯಾಕ್ಟರ್ ಗದ್ದೆಯಲ್ಲಿರುತ್ತದೆ, ಸಸಿಯೂ ಸಕಾಲಕ್ಕೆ ಕೆಸರಿಗೆ ಇಳಿಯುತ್ತದೆ.